ಕುರಿಗಾಹಿಯ ಬಗೆಗಿನ ಹನ್ನೊಂದು ವಾಕ್ಯಗಳು

ಹೈದರಾಬಾದಿನ ಹಿಮಾಯತ್‌ನಗರದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಕಚೇರಿ ಇತ್ತು. ಕೆಳಗೆ ಸೀರೆಯಂಗಡಿ, ಅದರ ಮೇಲೆ ಹಲ್ಲಿನ ವೈದ್ಯರು, ಅವರ ಮೇಲೆ ನಾವು. ಪ್ರದರ್ಶನಗಳ ಗೋಡೆಯ ಮೇಲೆ, ಚಿತ್ರಗಳ ಪಕ್ಕದಲ್ಲಿ, ನೋಡಲು ಬಂದವರು ನಿಂತು ಓದುವ ಇಂಗ್ಲಿಷ್ ವಿವರಣೆಗಳಿರುತ್ತವಲ್ಲ, ಅವುಗಳನ್ನು ಸಿದ್ಧಪಡಿಸಿ ಕೊಡುವುದು ಕಚೇರಿಯ ಕೆಲಸ. ಊರೂರು ತಿರುಗಿ ಮಾಹಿತಿ ತರುವವರು ಬೇರೆ ಇದ್ದರು. ಅವರು ತಮಗೆ ತಿಳಿದ ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ್ದನ್ನು ತಿದ್ದಿ ಒಪ್ಪಗೊಳಿಸುವವರು ನಾವಿಬ್ಬರು: ನಾನು, ಮತ್ತು ತಾರ್ನಾಕದಿಂದ ಬರುತ್ತಿದ್ದ ನನ್ನ ಸಹೋದ್ಯೋಗಿ. ಇಬ್ಬರದೂ ತಾತ್ಕಾಲಿಕ ನೇಮಕ. ಆರು ತಿಂಗಳ ನಂತರ ಒಬ್ಬರನ್ನು ಮಾತ್ರ ಕಾಯಂ ಮಾಡಿಕೊಳ್ಳುವುದಾಗಿ ಮುಖ್ಯಸ್ಥೆ ಮೊದಲ ದಿನವೇ ತಿಳಿಸಿದ್ದರು. ನಮ್ಮ ಕುಟುಂಬದಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದುದರಿಂದ, ಆ ಕಾಯಂ ಎಂಬ ಪದವನ್ನು ಮನೆಯಲ್ಲಿ ಅಪ್ಪ ಅವ್ವ ಇಬ್ಬರೂ ಬಹಳ ಎಚ್ಚರಿಕೆಯಿಂದ, ಹಾಲಿನ ಪಾತ್ರೆ ಎತ್ತಿದಂತೆ ಉಚ್ಚರಿಸುತ್ತಿದ್ದರು.

ಆರನೆಯ ತಿಂಗಳಲ್ಲಿ ಕುರಿಗಾಹಿಯ ಪುಟ ಬಂದಿತು. ಈ ಸೀಮೆಯ ಕಸುಬುಗಳನ್ನು ಕುರಿತ ಪ್ರದರ್ಶನವೊಂದು ಸಿದ್ಧವಾಗುತ್ತಿತ್ತು. ಕುಂಬಾರನ ಪುಟ, ನೇಕಾರನ ಪುಟ, ಈಚಲ ಮರ ಹತ್ತುವವನ ಪುಟ ಎಲ್ಲ ಮುಗಿದು ಇದೊಂದು ಉಳಿದಿತ್ತು. ಮುಖ್ಯಸ್ಥೆ ಅದರ ಎರಡು ಪ್ರತಿ ತೆಗೆದು ಇಬ್ಬರ ಮೇಜಿನ ಮೇಲೂ ಇಟ್ಟು, ತಮ್ಮ ತೆಲುಗಿನಲ್ಲಿ ಹೇಳಿದರು: "ಇಬ್ಬರೂ ಬೇರೆ ಬೇರೆ ತಿದ್ದಿ ತನ್ನಿ. ಸೋಮವಾರ ನೋಡುತ್ತೇನೆ. ಯಾರದು ಗೋಡೆಗೆ ಹೋಗುತ್ತದೆಯೋ ಅವರೇ ಇಲ್ಲಿ ಉಳಿಯುತ್ತಾರೆ. ನನಗೆ ಇನ್ನಾವ ಪರೀಕ್ಷೆಯೂ ಗೊತ್ತಿಲ್ಲ."

ಪುಟದಲ್ಲಿ ಹನ್ನೊಂದು ವಾಕ್ಯಗಳಿದ್ದವು.

ನನ್ನ ಸಹೋದ್ಯೋಗಿಯ ಅಜ್ಜ ಕಲಬುರ್ಗಿಯ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಸರ್ಕಾರಿ ಸೇವೆಯಲ್ಲಿದ್ದವರು, ತಂದೆ ಪ್ರಾಧ್ಯಾಪಕರು. ಆಕೆಯ ಕನ್ನಡದಲ್ಲಿ ಉರ್ದು ಧಾರಾಳವಾಗಿ ಬೆರೆತಿತ್ತು, ಇಂಗ್ಲಿಷಿನಲ್ಲಿ ಏನೂ ಬೆರೆತಿರಲಿಲ್ಲ. ಮತ್ಸರ ಎಂಬ ಪದವನ್ನು ನಾನು ಬಹಳ ದಿನ ಬಳಸಲಿಲ್ಲ; ಆಕೆಯಿಂದ ಕಲಿಯಬೇಕಾದದ್ದು ಬಹಳ ಇದೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ಆದರೆ ಕಲಿಯುವವರು ನಾನು ಆಕೆಯನ್ನು ನೋಡುತ್ತಿದ್ದಂತೆ ನೋಡುವುದಿಲ್ಲ. ಆಕೆ ಒಂದು ವಾಕ್ಯವನ್ನು ನಡುವೆಯೇ ಬಿಟ್ಟು, ಕೆಳಗಿಳಿದು ಚಹಾ ಕುಡಿದು, ಮರಳಿ ಬಂದು, ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದಳು. ನಾನು ಪ್ರತಿ ವಾಕ್ಯವನ್ನೂ ಮೊದಲು ನೋಟುಬುಕ್ಕಿನಲ್ಲಿ ಬರೆದು, ನಿಘಂಟು ನೋಡಿ, ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಕೊಂಡ ವ್ಯಾಕರಣದ ಪುಸ್ತಕವನ್ನು ನೋಡಿ, ಅನಂತರ ಕಂಪ್ಯೂಟರಿಗೆ ಏರಿಸುತ್ತಿದ್ದೆ. ಆಕೆಯ ವಾಕ್ಯಗಳಲ್ಲಿ ನನ್ನ ಪುಸ್ತಕ ಒಪ್ಪದ ತಪ್ಪುಗಳಿರುತ್ತಿದ್ದವು. ಮುಖ್ಯಸ್ಥೆ ಆ ತಪ್ಪುಗಳನ್ನೇ ಮೆಚ್ಚುತ್ತಿದ್ದರು. ನನ್ನದನ್ನು ಓದಿ "ನೀಟಾಗಿದೆ" ಎನ್ನುತ್ತಿದ್ದರು. ನೀಟು ಎಂಬುದು ಇಸ್ತ್ರಿ ಮಾಡಿದ ಬಟ್ಟೆಗೆ ಹೇಳುವ ಮಾತು.

"ಈ ಶಬ್ದದ ಸ್ಪೆಲ್ಲಿಂಗ್ ಏನ್ರಿ?" ಎಂದು ಆಕೆ ದಿನಕ್ಕೆ ಎರಡು ಸಲವಾದರೂ ನನ್ನನ್ನು ಕೇಳುತ್ತಿದ್ದಳು. ಹೇಳಿದರೆ, "ನೀವಿರೂತನಕ ನನಗ ಡಿಕ್ಷನರಿ ತೆಗೆಯೋ ಫಿಕರ್ ಇಲ್ಲ ನೋಡ್ರಿ" ಎಂದು ನಗುತ್ತಿದ್ದಳು. ಒಂದು ಗಂಟೆ ನನಗೆ ಹೆಮ್ಮೆಯಾಗುತ್ತಿತ್ತು. ಆಮೇಲೆ, ನಿಘಂಟನ್ನು ಯಾರೂ ಗೋಡೆಗೆ ಹಾಕುವುದಿಲ್ಲ ಎಂಬುದು ಹೊಳೆಯುತ್ತಿತ್ತು.

ಕುರಿಗಾಹಿಯ ಪುಟ ನನ್ನ ಕೈಗೆ ಬಂದಾಗ ನನಗಿದ್ದ ಅನುಕೂಲ ಆಕೆಗಿರಲಿಲ್ಲ. ನನ್ನ ಅಪ್ಪ ಕುರಿ ಕಾಯುತ್ತಿದ್ದವರು. ಯಾದಗಿರಿ ಕಡೆಯ ನಮ್ಮ ಹಟ್ಟಿಯಲ್ಲಿ, ಹಿಂಡು ಅಣ್ಣತಮ್ಮಂದಿರಲ್ಲಿ ಪಾಲಾಗುವವರೆಗೂ ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಆಮೇಲೆ ಮಿಯಾಪುರಕ್ಕೆ ಬಂದು, ಕಟ್ಟಡದ ಕೆಲಸ ಮಾಡಿ, ತಾವು ಇಟ್ಟಿಗೆ ಹೊತ್ತ ಅಪಾರ್ಟ್‌ಮೆಂಟಿಗೇ ವಾಚ್‌ಮನ್ ಆದರು. ನಾನು ಅಜ್ಜಿಯ ಬಳಿಯಿದ್ದು ಊರಿನ ಶಾಲೆ ಮುಗಿಸಿ, ಕಾಲೇಜಿಗೆ ಇಲ್ಲಿಗೆ ಬಂದೆ. ಪಾರ್ಕಿಂಗಿನ ಪಕ್ಕದ ಒಂದು ಕೋಣೆಯಲ್ಲಿ ನಮ್ಮ ಮೂವರ ವಾಸ. ಅವ್ವ ಮೇಲಿನ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುತ್ತಾಳೆ.

ಇದಾವುದನ್ನೂ ನಾನು ಕಚೇರಿಯಲ್ಲಿ ಹೇಳಿರಲಿಲ್ಲ. ಮಿಯಾಪುರದ ಇಂಥ ಅಪಾರ್ಟ್‌ಮೆಂಟಿನಲ್ಲಿ ಇರುತ್ತೇನೆ ಎಂದಷ್ಟೇ ಹೇಳಿದ್ದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಒಮ್ಮೆ ಮಳೆಯ ಸಂಜೆ ಸಹೋದ್ಯೋಗಿ ಆ ಕಡೆ ತನ್ನ ಚಿಕ್ಕಮ್ಮನ ಮನೆಗೆ ಹೊರಟವಳು ನನ್ನನ್ನೂ ಕ್ಯಾಬಿನಲ್ಲಿ ಕರೆದುಕೊಂಡು ಬಂದು ಗೇಟಿನ ಮುಂದೆ ಇಳಿಸಿದಳು. ಅಪ್ಪ ಕಂಬಳಿಯ ಕೊಪ್ಪೆ ಹಾಕಿಕೊಂಡು ಓಡಿ ಬಂದು ನನ್ನ ಚೀಲ ತೆಗೆದುಕೊಂಡು, "ತೊಯ್ಸಿಕೋಬ್ಯಾಡ, ಒಳಗ ನಡಿ" ಎಂದರು. ಯಾರು ಎಂಬಂತೆ ಆಕೆ ನೋಡಿದಳು. "ವಾಚ್‌ಮನ್ನು" ಎಂದೆ. ಅದೂ ಸುಳ್ಳಲ್ಲ. ಕ್ಯಾಬು ಹೋದ ಮೇಲೆ ಅಪ್ಪ, "ಚಾ ಕುಡದು ಹೋಗಂತ ಅನಬೇಕಿತ್ತಲ್ಲವಾ ಆ ಹುಡುಗಿಗೆ" ಎಂದು ನನ್ನನ್ನೇ ಆಕ್ಷೇಪಿಸಿದರು. ಅವರ ಕಿವಿಗೆ ನನ್ನ ಉತ್ತರ ಬಿದ್ದಿತ್ತೋ ಇಲ್ಲವೋ ಇಂದಿಗೂ ತಿಳಿಯದು.

ಹೀಗಾಗಿ ಆ ಹನ್ನೊಂದು ವಾಕ್ಯಗಳನ್ನು ನಾನು ಕುರುಬರ ಮಗಳಾಗಿ ತಿದ್ದಲಿಲ್ಲ, ಇಂಗ್ಲಿಷ್ ಬಲ್ಲವಳಾಗಿ ತಿದ್ದಿದೆ. ಕುರಿಗಾಹಿ 'ಕುರಿಗಳನ್ನು ನೋಡಿಕೊಳ್ಳುತ್ತಾನೆ' ಎಂಬರ್ಥದ ಸಣ್ಣ ಮಾತನ್ನು ತೆಗೆದು, 'ಹಿಂಡಿನ ಮೇಲ್ವಿಚಾರಣೆಯ ಹೊಣೆಯನ್ನು ವಹಿಸಿಕೊಂಡಿರುತ್ತಾನೆ' ಎಂಬಷ್ಟು ಉದ್ದದ ಇಂಗ್ಲಿಷನ್ನು ಹಾಕಿದೆ. ಆತ ನಡೆಯುವುದನ್ನು ಬಿಟ್ಟು ಸಂಚರಿಸತೊಡಗಿದ. ಹುಲ್ಲು ಮೇವಿನ ಸಂಪನ್ಮೂಲವಾಯಿತು. ಏಳನೆಯ ವಾಕ್ಯ, ಕುರಿಗಾಹಿ ಪ್ರತಿದಿನ ಸಂಜೆ ತನ್ನ ಕುರಿಗಳನ್ನು ಎಣಿಸುತ್ತಾನೆ ಎಂದು ಹೇಳುತ್ತಿತ್ತು.

ನಮ್ಮಲ್ಲಿ ಯಾರೂ ಕುರಿ ಎಣಿಸುವುದಿಲ್ಲ. ಎಣಿಸಿದರೆ ಹಿಂಡು ಕರಗುತ್ತದೆ ಎಂಬುದು ನಂಬಿಕೆ. ಎಷ್ಟು ಕುರಿ ಇವೆ ಎಂದು ಕೇಳುವುದೂ ಒರಟುತನ. ಕೇಳಿದವರಿಗೆ 'ದೇವರು ಕೊಟ್ಟಷ್ಟು' ಎಂಬ ಉತ್ತರ ಸಿಗುತ್ತದೆ. ಇದು ನನಗೆ ಶಾಲೆಗೆ ಹೋಗುವ ಮೊದಲೇ ಗೊತ್ತಿತ್ತು. ಆದರೂ ನಾನು 'ಎಣಿಸುತ್ತಾನೆ' ಎಂಬುದನ್ನು ತೆಗೆದು, 'ತಲೆಗಣತಿಯನ್ನು ಕೈಗೊಳ್ಳುತ್ತಾನೆ' ಎಂಬುದಕ್ಕೆ ಸಮನಾದ ಇಂಗ್ಲಿಷ್ ಹಾಕಿದೆ. ನಮಗೆ ಹೇಳಿದ್ದು ಮಾತನ್ನು ತಿದ್ದಲು, ಸಂಗತಿಯನ್ನು ತಿದ್ದಲು ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎಣಿಸುವುದಿಲ್ಲ ಎಂದು ಬರೆದರೆ, ನಮ್ಮವರಿಗೆ ಎಣಿಸಲು ಬರುವುದಿಲ್ಲ ಎಂದು ಓದಿದವರು ತಿಳಿದಾರು ಎಂಬ ಭಯವೂ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಬಹುದಿತ್ತು.

ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಸಹೋದ್ಯೋಗಿ ಕೇಳಿದಳು: "ನೀವು ಯಾದಗಿರಿ ಕಡೇದವರಲ್ಲೇನ್ರಿ? ಕುರಿ ಕಾಯೋರು ಯಾರರ ಗೊತ್ತಾರ?"

"ಯಾರೂ ಇಲ್ಲ" ಎಂದೆ.

"ಈ ಕಾಗದ ಓದಿ ಓದಿ ನನಗ ಕುರೀನೂ ಕಾಣವಲ್ದು, ಮನಿಷ್ಯಾನೂ ಕಾಣವಲ್ಲ. ಒಬ್ಬರನ್ನ ಕೇಳಬೇಕು." ಆಮೇಲೆ ಥಟ್ಟನೆ, "ನಿಮ್ಮ ವಾಚ್‌ಮನ್ ಕಂಬಳಿ ಹೊದ್ದಿದ್ದರಲ್ಲ ಆವತ್ತ? ಮಾತೂ ನಮ್ಮ ಕಡೇದ ಇತ್ತು. ಅವರನ್ನ ಕೇಳ್ತೀನಿ, ಸಂಡೇ ಬರ್ತೀನಿ" ಎಂದಳು.

"ಅವರಿಗೆ ಭಾನುವಾರ ಬಹಳ ಕೆಲಸವಿರುತ್ತದೆ."

"ಇರಲಿ ಬಿಡ್ರಿ, ಕುರಿ ವಿಷಯ ತೆಗದ್ರ ಯಾವ ಕುರುಬರೂ ಕೆಲಸಕ್ಕ ಹೋಗಂಗಿಲ್ಲ ಅಂತಿದ್ದರು ನಮ್ಮಜ್ಜ."

ನಾನು ತಡೆಯಲು ಇನ್ನೇನು ಕಾರಣ ಕೊಟ್ಟರೂ ಅದು ನೆಪದಂತೆ ಕೇಳಿಸುತ್ತಿತ್ತು.

ಶನಿವಾರ ಸಂಜೆ ಅಪ್ಪ ಪಂಪು ಹಾಕಿ ಬಂದು ಕುಳಿತಾಗ ಹೇಳಿದೆ. ನಮ್ಮ ಆಫೀಸಿನ ಹುಡುಗಿ ನಾಳೆ ಬಂದು ಕುರಿ ಕಾಯುವುದರ ಬಗ್ಗೆ ಕೇಳುತ್ತಾಳೆ. ಹೇಳು, ಆದರೆ ನಾನು ನಿನ್ನ ಮಗಳು ಎಂದು ಮಾತ್ರ ಹೇಳಬೇಡ.

"ಯಾಕವಾ?"

"ಆಫೀಸಿನಾಗ ಅದೇನೇನೋ ಇರ್ತೈತಪ್ಪಾ. ಕಾಯಂ ಆಗೂತನಕ."

ಅಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. "ಆತು ಬಿಡು" ಎಂದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಬಡಿಯತೊಡಗಿದಳು, ಸ್ವಲ್ಪ ಜೋರಾಗಿ.

ಭಾನುವಾರ ಹತ್ತು ಗಂಟೆಗೆ ಆಕೆ ಬಂದಳು. ಗೇಟಿನ ಪಕ್ಕದ ಸಿಮೆಂಟ್ ಕಟ್ಟೆ ನಮ್ಮ ಕೋಣೆಯ ಕಿಟಕಿಗೆ ನಾಲ್ಕು ಹೆಜ್ಜೆ ದೂರ. ನಾನು ಒಳಗೆ ಬಾಗಿಲು ಹಾಕಿಕೊಂಡು, ಅವ್ವನೊಡನೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತೆ. ಹೊರಗಿನ ಪ್ರತಿಯೊಂದು ಮಾತೂ ಕೇಳಿಸುತ್ತಿತ್ತು.

"ಕಾಕಾ, ನಾ ಕುರಿ ಬಗ್ಗೆ ಏನೂ ತಿಳೀಲಾರದಾಕಿ. ದಡ್ಡಿಗೆ ಹೇಳಿದಂಗ ಹೇಳ್ರಿ" ಎಂದಳು.

"ದಡ್ಡಿ ಅಂದ್ರ ನಮ್ಮಲ್ಲಿ ಕುರಿ ಕೂಡೂ ಜಾಗಾನಽ ತಂಗಿ. ಬಾ, ಕೂಡು" ಎಂದರು ಅಪ್ಪ. ಇಬ್ಬರೂ ನಕ್ಕರು.

ಅಪ್ಪ ಹಾಗೆ ತಮಾಷೆ ಮಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಒಂದು ಗಂಟೆಗೂ ಮಿಕ್ಕಿ ಮಾತನಾಡಿದರು. ಮುಂಜಾನೆ ಇಬ್ಬನಿ ಆರುವ ಮುನ್ನ ಹುಲ್ಲಿಗೆ ಬಿಟ್ಟರೆ ಹೊಟ್ಟೆ ಕೆಡುತ್ತದೆ ಎಂದರು. ಗೊಬ್ಬರಕ್ಕಾಗಿ ಹೊಲದಲ್ಲಿ ಹಿಂಡು ತಂಗಿಸಲು ರೈತರು ತಾವಾಗಿ ಬಂದು ಕರೆಯುತ್ತಿದ್ದುದನ್ನು, ತಂಗಿದ ಹೊಲದ ಜೋಳ ಮುಂದಿನ ವರ್ಷ ಬೇರೆಯೇ ಬಣ್ಣದಲ್ಲಿ ಏಳುತ್ತಿದ್ದುದನ್ನು ಹೇಳಿದರು. ತೋಳ ಬಂದರೆ ನಾಯಿಗಿಂತ ಮೊದಲು ಕುರಿಗಳು ಮೆಲುಕು ಹಾಕುವುದನ್ನು ನಿಲ್ಲಿಸುತ್ತವಂತೆ. ಆ ಸದ್ದು ನಿಂತೊಡನೆ ತಮಗೆ ಎಚ್ಚರವಾಗುತ್ತಿತ್ತಂತೆ. ಇವುಗಳಲ್ಲಿ ಅರ್ಧ ನಾನು ಎಂದೂ ಕೇಳಿರದ ಮಾತುಗಳು. ಆಕೆಯ ಇಂಗ್ಲಿಷಿನ ಬಗ್ಗೆ ನನಗಿದ್ದ ಮತ್ಸರ ಈಗ ಹುಟ್ಟಿದ್ದರ ಮುಂದೆ ಮಕ್ಕಳಾಟ ಎನ್ನಿಸಿತು. ಇಂಗ್ಲಿಷನ್ನು ದುಡಿದು ಪಡೆಯಬಹುದು ಎಂದು ನಂಬಿದ್ದೆ. ಆಕೆ ಈಗ ಪಡೆಯುತ್ತಿದ್ದದ್ದು ಯಾವ ದುಡಿಮೆಯೂ ಇಲ್ಲದೆ ನನಗೆ ಸಲ್ಲಬೇಕಾಗಿದ್ದ ಪಾಲು.

"ದಿನಾ ಸಂಜಿಕ ಎಣಿಸ್ತಿದ್ದಿರಂತಲ್ಲ ಕಾಕಾ? ನಮ್ಮ ಕಾಗದದಾಗ ಹಂಗ ಬರದಾರ."

"ಯಾಂವ ಬರದಾಂವ? ಎಣಿಸೂದಿಲ್ಲವಾ."

"ಮತ್ತ ಒಂದು ತಪ್ಪಿಸಿಕೊಂಡ್ರ ಹ್ಯಾಂಗ ತಿಳೀತೈತಿ?"

"ನಿಮ್ಮ ಮನ್ಯಾಗ ಉಣ್ಣಾಕ ಕೂತಾಗ ಮಂದೀನ ಎಣಿಸ್ತೀರೇನು? ಯಾರು ಬಂದಿಲ್ಲ ಅನ್ನೂದು ಹಂಗಽ ತಿಳೀತೈತಲ್ಲ. ಹಂಗ."

ಪುಟ ತಿರುವಿದ ಸದ್ದು ಕೇಳಿಸಿತು. ಬರೆದುಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಆಮೇಲೆ, "ಕಾಕಾ, ನಿಮಗ ಮಕ್ಕಳೆಷ್ಟು?" ಎಂದು ಕೇಳಿದಳು.

ನನ್ನ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಕೈಯಲ್ಲೇ ಉಳಿಯಿತು.

"ಅವನ್ನೂ ಎಣಿಸೂದಿಲ್ಲವಾ" ಎಂದರು ಅಪ್ಪ. ಆಕೆ ಮನಸಾರೆ ನಕ್ಕಳು. ಅಪ್ಪನೂ ನಕ್ಕಂತೆ ಕೇಳಿಸಿತು. ಕೊಟ್ಟ ಮಾತನ್ನು ಅವರು ಹೀಗೆ, ಸುಳ್ಳು ಹೇಳದೆಯೂ ನಡೆಸಿಕೊಟ್ಟರು.

ಅವ್ವ ಸೊಪ್ಪಿನ ಬೇರುಗಳನ್ನು ಕಾಗದದಲ್ಲಿ ಸುತ್ತುತ್ತ, "ಯಾರ ಮಗಳೋ ಏನೋ, ಮುದುಕನ ಬಾಯಿ ತೆರಸ್ಯಾಳ. ಇಷ್ಟು ವರ್ಷ ನನ್ನ ಕೈಲೆ ಆಗಿರಲಿಲ್ಲ" ಎಂದಳು. ಹೊರಗೆ ಅಪ್ಪ, ಸಂಜೆ ಹಿಂಡು ಮರಳಿದ ಮೇಲೆ ಬುಟ್ಟಿಯೊಳಗಿನ ಮರಿಗಳನ್ನು ತಾಯಂದಿರಿಗೆ ಬಿಡುವ ಸಂಭ್ರಮವನ್ನು ವರ್ಣಿಸತೊಡಗಿದ್ದರು. ಅವ್ವ ಕಿಟಕಿಯ ಕಡೆ ತಿರುಗಿ, ಅವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ಮರಿ ಬಿಡೂ ಹೊತ್ತಿನಾಗ ಇಂವ ಎಲ್ಲಿರ್ತಿದ್ದ ಅಂತ ಕೇಳು. ಕಾಲು ಚಾಚಿ ಕುಂತು ಎಲಿ ಹಾಕ್ಕೋತಿದ್ದ."

ಅದು ನಿಜ. ನಮ್ಮಲ್ಲಿ ಎಳೆಯ ಮರಿಗಳು ಹಿಂಡಿನೊಡನೆ ಮೇಯಲು ಹೋಗುವುದಿಲ್ಲ. ಬೋರಲು ಹಾಕಿದ ದೊಡ್ಡ ಬಿದಿರು ಬುಟ್ಟಿಗಳ ಕೆಳಗೆ ಅವುಗಳನ್ನು ನೆರಳಿನಲ್ಲಿಟ್ಟು ದಿನವಿಡೀ ಕಾಯುವವರು ಹೆಂಗಸರು. ಸಂಜೆ ನೂರಾರು ಬಾಯಿಗಳು ಒಟ್ಟಿಗೆ ಕೂಗುವಾಗ, ಯಾವ ಮರಿ ಯಾವ ತಾಯಿಯದು ಎಂದು ಗುರುತಿಸಿ, ಒಂದೊಂದನ್ನಾಗಿ ಕೆಚ್ಚಲಿಗೆ ಹಚ್ಚುವವರೂ ಅವರೇ. ಅವ್ವ ಆ ಗದ್ದಲದಲ್ಲಿ ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಿಲ್ಲ. ಅಪ್ಪ ಅದನ್ನು ಮುಚ್ಚಿಡಬೇಕೆಂದು ಬಿಟ್ಟಿರಲಿಲ್ಲ. ಮನೆಯಲ್ಲಿ ಒಲೆ ಹೊತ್ತಿಸುವವರು ಯಾರೆಂದು ಯಾರೂ ಬೇರೆಯಾಗಿ ಹೇಳುವುದಿಲ್ಲವಲ್ಲ, ಹಾಗೆ.

ಸೋಮವಾರ ಮುಖ್ಯಸ್ಥೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮೊದಲು ನನ್ನ ಪುಟವನ್ನು ಓದಿದರು. "ಒಂದು ತಪ್ಪೂ ಇಲ್ಲ" ಎಂದು ಪಕ್ಕಕ್ಕಿಟ್ಟರು. ಅನಂತರ ಆಕೆಯದನ್ನು ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದರು. ಏಳನೆಯ ವಾಕ್ಯದಲ್ಲಿ, ಅಪ್ಪ ಹೇಳಿದ ಊಟದ ಮಾತು ಎಷ್ಟು ಕಡಿಮೆ ಪದಗಳಲ್ಲಿ ಬಂದಿತ್ತೆಂದರೆ, ಅವರು ಓದುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ಅದನ್ನು ಇನ್ನೊಮ್ಮೆ ಓದಿದರು. ಕೆಲಸ ನನ್ನ ಕೈ ಬಿಟ್ಟಿತೆಂದು ನನಗೆ ಆಗಲೇ ತಿಳಿಯಿತು. ಅಂಥ ಇಂಗ್ಲಿಷಿನಲ್ಲಿ ನನ್ನ ತಂದೆಯ ಧ್ವನಿ ಕೇಳಿಸುತ್ತಿದ್ದದ್ದನ್ನು ತಡೆದುಕೊಳ್ಳುವುದು ಕೆಲಸ ಹೋದದ್ದಕ್ಕಿಂತ ಕಷ್ಟವಾಗಿತ್ತು.

ಒಂಬತ್ತನೆಯ ವಾಕ್ಯ ಬಂದಿತು. ಸಂಜೆ ಕುರಿಗಾಹಿ ಬುಟ್ಟಿಗಳನ್ನೆತ್ತಿ ಮರಿಗಳನ್ನು ತಾಯಂದಿರಿಗೆ ಬಿಡುತ್ತಾನೆ ಎಂದಿತ್ತು.

"ಅದು ಸರಿಯಲ್ಲ" ಎಂದೆ.

ಇಬ್ಬರೂ ನನ್ನತ್ತ ನೋಡಿದರು. ವ್ಯಾಕರಣದ ತಪ್ಪಿರಬೇಕೆಂದು ಮುಖ್ಯಸ್ಥೆ ಪೆನ್ನು ಕೈಗೆತ್ತಿಕೊಂಡರು.

"ಮರಿ ಬಿಡುವುದು ಗಂಡಸರ ಕೆಲಸವಲ್ಲ. ಹೆಂಗಸರದು."

"ನಿನಗೆ ಹೇಗೆ ಗೊತ್ತು?"

"ಇದನ್ನು ಹೇಳಿದವರು ನನ್ನ ತಂದೆ. ಮರಿ ಬಿಡುತ್ತಿದ್ದವಳು ನನ್ನ ತಾಯಿ."

ಹೆಮ್ಮೆಯಿಂದ ಹೇಳಿದೆನೆಂದು ಬರೆಯಲು ನನಗೂ ಆಸೆಯಿದೆ. ಆದರೆ ಅದು ಹೆಮ್ಮೆಯಾಗಿರಲಿಲ್ಲ. ಅಪ್ಪನನ್ನು ಆಕೆ ಒಂದೇ ಭಾನುವಾರದಲ್ಲಿ ತನ್ನವರನ್ನಾಗಿ ಮಾಡಿಕೊಂಡಿದ್ದಳು. ಅವರು ನನ್ನವರು ಎಂದು ಕಿತ್ತುಕೊಳ್ಳಲು ನನಗೆ ತೋಚಿದ ದಾರಿ ಅದೊಂದೇ. ಆರು ತಿಂಗಳು ಬಚ್ಚಿಟ್ಟದ್ದನ್ನು ನನ್ನಿಂದ ಹೊರಗೆ ಹಾಕಿಸಿದ್ದು ಮತ್ಸರ.

ಸಹೋದ್ಯೋಗಿಯ ಮುಖ ಕೆಂಪಾಯಿತು. "ಕೇಳಿದಾಗ ಯಾರೂ ಇಲ್ಲ ಅಂದ್ರೆಲ್ರಿ? ಮೊದಲಽ ಹೇಳಿದ್ರ ಬಿಸಿಲಾಗ ಆ ಕಟ್ಟಿ ಮ್ಯಾಲ ಬೇಯೂದು ತಪ್ಪತಿತ್ತು" ಎಂದಳು. ತಮಾಷೆಯಂತೆ ಆರಂಭಿಸಿದ ಮಾತು ಕೊನೆಗೆ ತಮಾಷೆಯಾಗಿ ಉಳಿಯಲಿಲ್ಲ. "ನೀವು ಒಳಗಽ ಇದ್ದಿರೇನು ಆವಾಗ?"



ಮುಖ್ಯಸ್ಥೆ ನನ್ನ ಪುಟವನ್ನು ಮತ್ತೆ ಎಳೆದುಕೊಂಡು ಬೆರಳಿಟ್ಟು ತೋರಿಸಿದರು. "ಹಾಗಾದರೆ ಈ ತಲೆಗಣತಿ? ಇದು ತಪ್ಪೆಂದು ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು. ಇಂಗ್ಲಿಷನ್ನು ಮಾತ್ರ ತಿದ್ದಲು ಹೇಳಿದ್ದಿರಿ."

ಅವರು ಬೈಯಲಿಲ್ಲ. ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟು, "ತಿದ್ದಿದ್ದೀಯ" ಎಂದಷ್ಟೇ ಹೇಳಿದರು. ಕಾಯಂ ಆದವಳು ಆಕೆ. ನನಗೆ ತಿಂಗಳ ಕೊನೆಯವರೆಗೆ ಕೆಲಸವಿತ್ತು.

ಒಂಬತ್ತನೆಯ ವಾಕ್ಯವನ್ನು ಆ ಮಧ್ಯಾಹ್ನವೇ ಬದಲಿಸಬೇಕಾಯಿತು. ಆಕೆ ಕುರ್ಚಿ ಎಳೆದು, ನನ್ನ ಮುಖ ನೋಡದೆ, "ಹೇಳ್ರಿ" ಎಂದಳು. ನಾನು ಬುಟ್ಟಿಗಳ ವಿಷಯ, ಗದ್ದಲದ ವಿಷಯ, ಅವ್ವ ಮರಿಯ ಕಿವಿಯನ್ನು ಮುಟ್ಟಿ ಗುರುತು ಹಿಡಿಯುತ್ತಿದ್ದ ವಿಷಯ ಕನ್ನಡದಲ್ಲಿ ಹೇಳಿದೆ. ಕೇಳುತ್ತ ಕೇಳುತ್ತ ಆಕೆ ಮುನಿಸನ್ನು ಮರೆತಂತೆ ಕಂಡಿತು. ನಾನು ಹತ್ತು ನಿಮಿಷ ಹೇಳಿದ್ದನ್ನು ಒಂದೂವರೆ ಸಾಲಿನಲ್ಲಿ ಬರೆದಳು. ಅದರಲ್ಲಿ ಬಿಟ್ಟುಹೋದದ್ದು ಏನೂ ಇರಲಿಲ್ಲ. ಇರಬೇಕೆಂದು ನಾನು ಮೂರು ಸಲ ಹುಡುಕಿದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಗೇಟಿನ ಬಳಿ ನಿಂತೆ. ಅಪ್ಪ ಪತ್ರಿಕೆಗಳನ್ನು ಫ್ಲ್ಯಾಟುಗಳ ಪ್ರಕಾರ ಜೋಡಿಸುತ್ತಿದ್ದರು. "ಕೆಲಸ ಆಕಿಗೆ ಸಿಕ್ತಪ್ಪಾ. ನನಗಲ್ಲ" ಎಂದೆ. ನೀನು ನನ್ನ ಅಪ್ಪ ಎಂದು ಹೇಳಿಬಿಟ್ಟೆ ಎಂಬುದನ್ನೂ ಸೇರಿಸಿದೆ.

ಅಪ್ಪ ಇನ್ನೊಂದು ಪತ್ರಿಕೆಯನ್ನು ಮಡಚಿದರು. "ಆಕಿ ಛಲೋ ಹುಡುಗಿ" ಎಂದರು. ಪತ್ರಿಕೆಗಳ ಕಟ್ಟು ಮುಗಿಸಿ, "ಮತ್ತ ಬರ್ತಾಳೇನು?" ಎಂದು ಕೇಳಿದರು.

"ಯಾಕ?"

"ಒಂದು ಮಾತು ಹೇಳೂದು ಉಳೀತು ಅವತ್ತ. ತಾಯಿ ಸತ್ತ ಮರೀನ ಇನ್ನೊಂದು ಕುರಿಗೆ ಹ್ಯಾಂಗ ಹಚ್ಚತೀವಿ ಅಂತ."

"ನನಗ ಹೇಳು."

"ನಿನಗ್ಯಾತಕ್ಕ ಹೇಳೂದು? ನಿನಗ ಗೊತ್ತಽ ಐತೆಲ್ಲ."

"ಗೊತ್ತಿಲ್ಲಪ್ಪಾ."

ಅಪ್ಪ ನನ್ನನ್ನು ನಂಬದವರಂತೆ ನೋಡಿದರು. ಅಷ್ಟರಲ್ಲಿ ನೀರಿನ ಟ್ಯಾಂಕರು ಹೊರಗೆ ಹಾರ್ನ್ ಹಾಕಿತು. ಅವರು ಎದ್ದು ಗೇಟು ತೆಗೆಯಲು ಹೋಗುತ್ತ, ಹಿಂದಿರುಗಿ ನೋಡದೆಯೇ, "ಕೂಡು, ಪೈಪು ಹಚ್ಚಿ ಬಂದೆ" ಎಂದರು. ಕಟ್ಟೆ ಆಗಲೇ ಬಿಸಿಯಾಗಿತ್ತು. ನನ್ನ ಮೆಟ್ರೋ ತಪ್ಪುವುದು ಖಚಿತವಾಗಿತ್ತು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಭಾನುವಾರ ಆಕೆ ಕುಳಿತದ್ದು ಅಪ್ಪನ ಎಡಕ್ಕೋ ಬಲಕ್ಕೋ ಎಂದು ಲೆಕ್ಕ ಹಾಕುತ್ತ, ಕುಳಿತುಕೊಂಡೆ.